ಚಂಡಮಾರುತ, ಬಿರುಗಾಳಿ ಮತ್ತು ನಮ್ಮ ಮಲೆನಾಡು: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನಕ್ಕೂ ಚಿಕ್ಕಮಗಳೂರಿಗೂ ಸಮುದ್ರತೀರವಿಲ್ಲ. ಆದರೂ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂಬ ಸುದ್ದಿ ಬಂದರೆ ಸಾಕು, ಮೂಡಿಗೆರೆ, ಸಕಲೇಶಪುರ, ಬೇಲೂರಿನ ಬೆಳೆಗಾರರಿಗೆ ನಿದ್ದೆ ಬರುವುದಿಲ್ಲ. ಕಣದಲ್ಲಿ ಕಾಫಿ ಹರಡಿದವರಿಗೆ ಒಂದು ಭಯ, ಹೊಲದಲ್ಲಿ ರಾಗಿ ಕೊಯ್ದು ಹಾಕಿದವರಿಗೆ ಇನ್ನೊಂದು ಭಯ, ಮನೆಗೆ ಒರಗಿದಂತೆ ದೊಡ್ಡ ಮರವಿರುವವರಿಗೆ ಮತ್ತೊಂದು. ಈ ಭಯಗಳಿಗೆಲ್ಲ ಒಂದೇ ಗಾಳಿ ಕಾರಣವಲ್ಲ. ನಮ್ಮ ಎರಡು ಜಿಲ್ಲೆಗಳನ್ನು ಕಾಡುವ ಗಾಳಿಮಳೆಗಳಲ್ಲಿ ಮೂರು ಬಗೆಗಳಿವೆ. ಅವು ಹುಟ್ಟುವ ಜಾಗ ಬೇರೆ, ಮುನ್ಸೂಚನೆ ಸಿಗುವ ಅವಧಿ ಬೇರೆ, ಹಾನಿಯ ರೀತಿಯೂ ಬೇರೆ. ಎಲ್ಲವನ್ನೂ ‘ಸೈಕ್ಲೋನ್’ ಎಂದು ಒಂದೇ ಗಂಟು ಕಟ್ಟಿದರೆ ಸಿದ್ಧತೆ ತಪ್ಪುತ್ತದೆ. ಅವುಗಳನ್ನು ಬಿಡಿಬಿಡಿಯಾಗಿ ತಿಳಿಸುವುದಕ್ಕಾಗಿಯೇ ಈ ಬರಹ.

ಚಂಡಮಾರುತ ನಮ್ಮ ಜಿಲ್ಲೆಗಳಿಗೆ ನೇರವಾಗಿ ಬಂದು ಅಪ್ಪಳಿಸುತ್ತದೆಯೇ?

ಪೂರ್ಣ ರೂಪದಲ್ಲಿ ಇಲ್ಲ. ನೆಲ ಮುಟ್ಟಿದ ಗಳಿಗೆಯಿಂದ ಚಂಡಮಾರುತಕ್ಕೆ ಸಮುದ್ರದ ಆವಿ ಸಿಗುವುದು ನಿಲ್ಲುತ್ತದೆ. ಗುಡ್ಡ, ಕಾಡು, ಊರುಗಳ ತಡೆಯಿಂದ ಗಾಳಿಯೂ ಕುಗ್ಗುತ್ತದೆ. ತಮಿಳುನಾಡಿನ ಕರಾವಳಿ ದಾಟಿದ್ದು ನಮ್ಮ ಕಡೆಗೆ ತಲುಪುವಷ್ಟರಲ್ಲಿ ಗಾಳಿಯ ಅಬ್ಬರ ಅಡಗಿರುತ್ತದೆ, ಆದರೆ ಮೋಡಗಳಲ್ಲಿ ನೀರು ಉಳಿದೇ ಇರುತ್ತದೆ.

2024ರ ನವೆಂಬರ್ 30ರ ರಾತ್ರಿ ಪುದುಚೇರಿಯ ಬಳಿ ನೆಲ ಸೇರಿದ ಫೆಂಗಲ್ ಚಂಡಮಾರುತ ಇದಕ್ಕೆ ಹತ್ತಿರದ ಉದಾಹರಣೆ. ದುರ್ಬಲಗೊಂಡ ಆ ವ್ಯವಸ್ಥೆ ಒಳನಾಡನ್ನು ದಾಟಿ ಅರಬ್ಬಿ ಸಮುದ್ರಕ್ಕೆ ಇಳಿಯುವವರೆಗೂ, ಡಿಸೆಂಬರ್ ಮೊದಲ ದಿನಗಳಲ್ಲಿ, ದಕ್ಷಿಣ ಕರ್ನಾಟಕದಲ್ಲಿ ಮಳೆ ಸುರಿಯಿತು. ಪಶ್ಚಿಮದಿಂದ ಬರುವ ತೊಂದರೆಗೆ 2021ರ ಮೇ ತಿಂಗಳ ತೌಕ್ತೆ ಉದಾಹರಣೆ. ಅದು ನಮ್ಮ ಕರಾವಳಿಯಲ್ಲಿ ನೆಲ ಮುಟ್ಟಲೇ ಇಲ್ಲ. ಸಮುದ್ರದಲ್ಲೇ ಉತ್ತರಕ್ಕೆ ಸಾಗಿ ಮೇ 17ರಂದು ಗುಜರಾತಿಗೆ ಹೋಯಿತು. ಆದರೂ ಅದು ಎಳೆದುಕೊಂಡ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿದ್ದರಿಂದ ಕರಾವಳಿಯ ಜೊತೆಗೆ ಮಲೆನಾಡೂ ನೆನೆಯಿತು.

ಚಂಡಮಾರುತ ಹುಟ್ಟುವುದು ಹೇಗೆ?

ಸಮುದ್ರದ ಮೇಲ್ಮೈ ನೀರು ಸುಮಾರು 26.5 ಡಿಗ್ರಿ ಸೆಲ್ಸಿಯಸ್‌ಗಿಂತ ಬೆಚ್ಚಗಿರಬೇಕು. ತೆಳುವಾದ ಪದರವಷ್ಟೇ ಬೆಚ್ಚಗಿದ್ದರೆ ಸಾಲದು, ಸುಮಾರು 50 ಮೀಟರ್ ಆಳದವರೆಗೂ ಆ ಕಾವು ಇರಬೇಕು; ಇಲ್ಲದಿದ್ದರೆ ಗಾಳಿಯೇ ಕೆಳಗಿನ ತಣ್ಣೀರನ್ನು ಕಲಕಿ ಮೇಲಕ್ಕೆ ತಂದು ತನ್ನ ಬಲವನ್ನು ತಾನೇ ಕುಂದಿಸಿಕೊಳ್ಳುತ್ತದೆ. ಬೆಚ್ಚಗಿನ ನೀರಿನಿಂದ ಎದ್ದ ಆವಿ ಮೇಲೇರಿ ತಣಿದು ಹನಿಗಟ್ಟುವಾಗ, ಆವಿಯಾಗಲು ಹೀರಿಕೊಂಡಿದ್ದ ಶಾಖವನ್ನೆಲ್ಲ ಬಿಟ್ಟುಕೊಡುತ್ತದೆ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆದಾಗ ಕೈಗೆ ತಗುಲುವ ಹಬೆ ಕುದಿಯುವ ನೀರಿಗಿಂತ ಹೆಚ್ಚು ಸುಡುವುದು ಇದೇ ಕಾರಣಕ್ಕೆ. ಒಂದು ಲೀಟರ್ ನೀರಿನಷ್ಟು ಆವಿ ಹನಿಯಾಗುವಾಗ ಬಿಡುವ ಶಾಖದಿಂದ ಐದು ಲೀಟರಿಗೂ ಹೆಚ್ಚು ಹಿಮದಷ್ಟು ತಣ್ಣನೆಯ ನೀರನ್ನು ಕುದಿಸಬಹುದು. ನೂರಾರು ಕಿಲೋಮೀಟರ್ ಅಗಲದ ಮೋಡರಾಶಿಯಲ್ಲಿ ದಿನಗಟ್ಟಲೆ ಇದೇ ನಡೆದರೆ ಹೊಮ್ಮುವ ಶಕ್ತಿ ಎಷ್ಟಿರಬಹುದು ಯೋಚಿಸಿ.

ಆ ಶಾಖದಿಂದ ನಡುವಿನ ಗಾಳಿ ಹಗುರಾಗಿ ಇನ್ನಷ್ಟು ಮೇಲೇರುತ್ತದೆ. ಕೆಳಗೆ ಒತ್ತಡ ಕುಸಿಯುತ್ತದೆ. ಸುತ್ತಲಿನ ಗಾಳಿ ಆ ಕಡೆಗೆ ನುಗ್ಗುತ್ತದೆ, ನುಗ್ಗುವ ದಾರಿಯಲ್ಲಿ ಸಮುದ್ರದಿಂದ ಮತ್ತಷ್ಟು ಆವಿಯನ್ನು ಹೊತ್ತು ತರುತ್ತದೆ. ಹೀಗೆ ಒಂದನ್ನೊಂದು ಬೆಳೆಸುತ್ತ ಹೋಗುತ್ತವೆ.

ಇಷ್ಟಿದ್ದರೂ ಬಹುಪಾಲು ವಾಯುಭಾರ ಕುಸಿತಗಳು ಚಂಡಮಾರುತವಾಗುವುದಿಲ್ಲ. ಸಮುದ್ರಮಟ್ಟದ ಗಾಳಿಗೂ ಹತ್ತು ಹನ್ನೆರಡು ಕಿಲೋಮೀಟರ್ ಮೇಲಿನ ಗಾಳಿಗೂ ದಿಕ್ಕು, ವೇಗಗಳಲ್ಲಿ ಹೆಚ್ಚು ವ್ಯತ್ಯಾಸವಿದ್ದರೆ ಮೇಲೇಳುವ ಮೋಡದ ಗೋಪುರ ವಾಲಿ ಚದುರಿಹೋಗುತ್ತದೆ. ಜುಲೈನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಸಮುದ್ರಗಳಲ್ಲಿ ದೊಡ್ಡ ಚಂಡಮಾರುತಗಳು ಅಪರೂಪವಾಗಿರುವುದು ಇದರಿಂದಲೇ. ಆಗ ಕೆಳಗೆ ಪಶ್ಚಿಮದ ಗಾಳಿ, ಮೇಲೆ ಪೂರ್ವದ ಗಾಳಿ. ಹಾಗಾಗಿ ಮುಂಗಾರಿನ ಹಿಂದುಮುಂದಿನ ಏಪ್ರಿಲ್–ಜೂನ್ ಮತ್ತು ಅಕ್ಟೋಬರ್–ಡಿಸೆಂಬರ್ ತಿಂಗಳುಗಳೇ ಚಂಡಮಾರುತದ ಕಾಲ.

ಅದು ಸುತ್ತುವುದೇಕೆ? ನಡುವೆ ಕಣ್ಣು ಇರುತ್ತದೆ ಎನ್ನುತ್ತಾರಲ್ಲ?

ಭೂಮಿ ತಿರುಗುತ್ತಿರುವುದರಿಂದ ದೂರದಿಂದ ನುಗ್ಗಿ ಬರುವ ಗಾಳಿ ನೇರವಾಗಿ ಕೇಂದ್ರ ಸೇರಲಾರದು. ಉತ್ತರಾರ್ಧಗೋಳದಲ್ಲಿ ಅದು ಬಲಕ್ಕೆ ಬಾಗುತ್ತದೆ. ಎಲ್ಲ ಕಡೆಯ ಗಾಳಿಯೂ ಹೀಗೆ ಬಾಗುವುದರಿಂದ ಒಟ್ಟು ಸುಳಿ ಅಪ್ರದಕ್ಷಿಣವಾಗಿ ತಿರುಗುತ್ತದೆ. ಭೂಮಧ್ಯರೇಖೆಯ ಬಳಿ ಈ ಬಾಗಿಸುವ ಬಲ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕೇ ಅಲ್ಲಿಂದ ಸುಮಾರು ಐದು ಡಿಗ್ರಿ ಅಕ್ಷಾಂಶದೊಳಗೆ ಚಂಡಮಾರುತ ಹುಟ್ಟುವುದು ತೀರಾ ವಿರಳ.

ಸುಳಿಯ ನಟ್ಟನಡುವಿನ ಶಾಂತ ಭಾಗವೇ ಕಣ್ಣು. ಅದರೊಳಗೆ ಗಾಳಿ ಕೆಳಗಿಳಿಯುತ್ತದೆ, ಆಕಾಶ ಬಹುತೇಕ ತಿಳಿಯಾಗಿರುತ್ತದೆ. ಅದನ್ನು ಸುತ್ತುವರಿದ ಮೋಡದ ಗೋಡೆಯಲ್ಲಿ ಗಾಳಿ ಅತಿ ಬಿರುಸು. ಕರಾವಳಿಯವರಿಗೆ ಇದರಲ್ಲೊಂದು ಮೋಸವಿದೆ: ಗಾಳಿ ನಿಂತಿತೆಂದು ಹೊರಗೆ ಬಂದವರ ಮೇಲೆ ಸ್ವಲ್ಪ ಹೊತ್ತಿನಲ್ಲೇ ವಿರುದ್ಧ ದಿಕ್ಕಿನಿಂದ ಗಾಳಿ ಎರಗುತ್ತದೆ.

ಹರಿಕೇನ್, ಟೈಫೂನ್, ಚಂಡಮಾರುತ ಮೂರೂ ಬೇರೆಯೇ?

ಒಂದೇ. ಅಟ್ಲಾಂಟಿಕ್ ಮತ್ತು ಪೂರ್ವ ಪೆಸಿಫಿಕ್‌ನಲ್ಲಿ ಹರಿಕೇನ್, ವಾಯವ್ಯ ಪೆಸಿಫಿಕ್‌ನಲ್ಲಿ ಟೈಫೂನ್, ನಮ್ಮ ಹಿಂದೂ ಮಹಾಸಾಗರದಲ್ಲಿ ಸೈಕ್ಲೋನ್.

ವಾಯುಭಾರ ಕುಸಿತ ಯಾವಾಗ ಚಂಡಮಾರುತವಾಗುತ್ತದೆ?

ಗಾಳಿಯ ವೇಗದ ಮೇಲೆ ಭಾರತೀಯ ಹವಾಮಾನ ಇಲಾಖೆ ಇದನ್ನು ನಿರ್ಧರಿಸುತ್ತದೆ. ಗಂಟೆಗೆ 62 ಕಿಲೋಮೀಟರ್ ಮುಟ್ಟಿದರೆ ಚಂಡಮಾರುತ, 89 ದಾಟಿದರೆ ತೀವ್ರ, 118 ದಾಟಿದರೆ ಅತಿ ತೀವ್ರ, 222ಕ್ಕಿಂತ ಹೆಚ್ಚಾದರೆ ಸೂಪರ್ ಸೈಕ್ಲೋನ್. ಅಮೆರಿಕದವರು ಹರಿಕೇನ್‌ಗಳಿಗೆ ಒಂದರಿಂದ ಐದರವರೆಗೆ ದರ್ಜೆ ಕೊಡುತ್ತಾರೆ. ಐದನೆಯದು ಗಂಟೆಗೆ 252 ಕಿಲೋಮೀಟರ್‌ನಿಂದ ಮೇಲೆ.

ಈ ದರ್ಜೆ ಹೇಳುವುದು ಗಾಳಿಯನ್ನು ಮಾತ್ರ. ಮಳೆ ಎಷ್ಟು ಎಂಬುದನ್ನು ಅದು ಹೇಳುವುದಿಲ್ಲ. ಘಟ್ಟದ ಸೆರಗಿನಲ್ಲಿ ಬದುಕುವ ನಾವು ಇದನ್ನು ಮರೆಯಬಾರದು. ‘ದುರ್ಬಲಗೊಂಡಿದೆ’ ಎಂದು ಟಿವಿಯಲ್ಲಿ ಕೇಳಿ ನಿಶ್ಚಿಂತರಾಗುವವರನ್ನು ಕಂಡಾಗಲೆಲ್ಲ ನನಗೆ ಕಳವಳವಾಗುತ್ತದೆ.

ಹೆಸರು ಇಡುವವರು ಯಾರು?

ಉತ್ತರ ಹಿಂದೂ ಮಹಾಸಾಗರದ ಸುತ್ತಲಿನ 13 ದೇಶಗಳು ತಲಾ 13 ಹೆಸರು ಕೊಟ್ಟಿವೆ. 2020ರಲ್ಲಿ ಪ್ರಕಟವಾದ ಆ 169 ಹೆಸರುಗಳ ಪಟ್ಟಿಯಿಂದ ಸರದಿಯಂತೆ ದೆಹಲಿಯ ಹವಾಮಾನ ಇಲಾಖೆ ಹೆಸರಿಡುತ್ತದೆ.

ನವೆಂಬರ್–ಡಿಸೆಂಬರ್‌ನಲ್ಲಿ ಬರುವ ಮಳೆ ಕಾಫಿಗೆ ಇಷ್ಟೊಂದು ಹೊಡೆತ ಕೊಡುವುದೇಕೆ?

ಅರೇಬಿಕಾ ಹಣ್ಣಾಗಿ ಕೊಯ್ಲಿಗೆ ಬರುವುದು ಅದೇ ಸಮಯಕ್ಕೆ. ಹಣ್ಣು ನೀರು ಕುಡಿದು ಬಿರಿಯುತ್ತದೆ, ನೆಲಕ್ಕೆ ಉದುರುತ್ತದೆ. ಉದುರಿದ್ದನ್ನು ಒದ್ದೆ ತರಗೆಲೆಯಿಂದ ಹೆಕ್ಕಿಸಲು ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಗಿಟ್ಟುವುದಿಲ್ಲ. ಕಣದಲ್ಲಿರುವ ಕಾಫಿ ಮೂರು ದಿನ ಬಿಸಿಲು ಕಾಣದಿದ್ದರೆ ಬೂಷ್ಟು ಹಿಡಿಯುತ್ತದೆ. ಆಮೇಲೆ ಎಷ್ಟೇ ಒಣಗಿಸಿದರೂ ಕಪ್ಪಿನಲ್ಲಿ ಆ ವಾಸನೆ ಹೋಗುವುದಿಲ್ಲ. ಅಕಾಲದ ಮಳೆಗೆ ಗಿಡ ಅಲ್ಲಲ್ಲಿ ಹೂ ಬಿಟ್ಟರೆ ಮುಂದಿನ ಫಸಲೂ ಏರುಪೇರು. ಒಂದೇ ಗಿಡದಲ್ಲಿ ಹೂವು, ಕಾಯಿ, ಹಣ್ಣು ಮೂರನ್ನೂ ಕಂಡ ಬೆಳೆಗಾರನಿಗೆ ಸಂತೋಷವಾಗುವುದಿಲ್ಲ.

ಮಲೆನಾಡಿನ ಗದ್ದೆಗಳಲ್ಲಿ ಆಗ ಭತ್ತದ ಕೊಯ್ಲು, ಅರಸೀಕೆರೆ, ಕಡೂರು, ಚನ್ನರಾಯಪಟ್ಟಣದ ಕಡೆ ರಾಗಿ ಕೊಯ್ಲು. ಕೊಯ್ದು ಮಲಗಿಸಿದ ತೆನೆ ನೆನೆದರೆ ಹೊಲದಲ್ಲೇ ಮೊಳಕೆಯೊಡೆಯುತ್ತದೆ, ಹುಲ್ಲು ಕಪ್ಪಾಗಿ ದನಕ್ಕೂ ಬೇಡವಾಗುತ್ತದೆ.

ಸಮಾಧಾನದ ಸಂಗತಿಯೆಂದರೆ ಈ ಬಗೆಯ ಮಳೆ ಹೇಳಿಯೇ ಬರುತ್ತದೆ. ಕೊಲ್ಲಿಯಲ್ಲಿ ಕುಸಿತ ಕಾಣಿಸಿಕೊಂಡ ದಿನದಿಂದ ನಮ್ಮಲ್ಲಿ ಮೋಡ ಕವಿಯುವವರೆಗೆ ಸಾಮಾನ್ಯವಾಗಿ ಮೂರು ನಾಲ್ಕು ದಿನಗಳ ಬಿಡುವಿರುತ್ತದೆ. ಹೊಸ ಕೊಯ್ಲು ಮುಂದೂಡಲು, ಕಣದಲ್ಲಿರುವುದನ್ನು ರಾಶಿ ಮಾಡಿ ಟಾರ್ಪಾಲು ಹೊದಿಸಲು, ಅರೆ ಒಣಗಿದ್ದನ್ನು ಸೂರಿನಡಿಗೆ ಸಾಗಿಸಲು ಅಷ್ಟು ಸಮಯ ಸಾಕು. ಟಾರ್ಪಾಲನ್ನು ಮೋಡ ಕವಿದ ಮೇಲೆ ಹುಡುಕಬೇಡಿ, ದೀಪಾವಳಿಯ ಹೊತ್ತಿಗೇ ತೂತುಗಳಿವೆಯೇ ಎಂದು ಬಿಚ್ಚಿ ನೋಡಿ.

ಏಪ್ರಿಲ್–ಮೇ ಸಂಜೆಗಳಲ್ಲಿ ಇದ್ದಕ್ಕಿದ್ದಂತೆ ಏಳುವ ಬಿರುಗಾಳಿಯೂ ಚಂಡಮಾರುತದ ಪರಿಣಾಮವೇ?

ಸಾಮಾನ್ಯವಾಗಿ ಅಲ್ಲ. ಇದು ನಮ್ಮ ನೆತ್ತಿಯ ಮೇಲೆಯೇ ಹುಟ್ಟುವ, ಎರಡನೆಯ ಬಗೆಯ ಗಾಳಿ. ನನ್ನ ದೃಷ್ಟಿಯಲ್ಲಿ ನಮ್ಮ ಜಿಲ್ಲೆಗಳಿಗೆ ಗಾಳಿಯಿಂದಲೇ ಆಗುವ ಅಪಾಯದಲ್ಲಿ ಇದೇ ದೊಡ್ಡದು, ಇದರ ಬಗ್ಗೆ ನಾವು ತಿಳಿದಿರುವುದೇ ಕಡಿಮೆ.

ಬೆಳಗಿನಿಂದ ಬಿಸಿಲು ನೆಲವನ್ನು ಕಾಯಿಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಪಶ್ಚಿಮದಿಂದ ಸಮುದ್ರದ ತೇವದ ಗಾಳಿ ಘಟ್ಟವೇರಿ ಬರುತ್ತದೆ, ಬಯಲುಸೀಮೆಯ ಕಡೆಯಿಂದ ಬಿಸಿಯಾದ ಒಣಗಾಳಿ. ಎರಡೂ ಸೇರುವಲ್ಲಿ ಗಾಳಿ ಮೇಲಕ್ಕೆ ಚಿಮ್ಮಿ, ಹನ್ನೆರಡು ಹದಿನೈದು ಕಿಲೋಮೀಟರ್ ಎತ್ತರದವರೆಗೂ ಗುಡುಗಿನ ಮೋಡ ಬೆಳೆಯುತ್ತದೆ. ಮೋಡದಿಂದ ಬೀಳುವ ಹನಿಗಳು ಕೆಳಗಿನ ಒಣಗಾಳಿಯಲ್ಲಿ ಆರುತ್ತ ಆ ಗಾಳಿಯನ್ನು ತಣ್ಣಗಾಗಿಸುತ್ತವೆ. ತಣಿದ ಗಾಳಿ ಭಾರವಾಗಿ, ಬೀಳುವ ಮಳೆ ಮತ್ತು ಆಲಿಕಲ್ಲಿನ ಜೊತೆಗೆ ನೆಲಕ್ಕೆ ಕುಸಿಯುತ್ತದೆ. ನೆಲಕ್ಕೆ ಬಡಿದು ಎಲ್ಲ ಕಡೆಗೂ ಹರಡುತ್ತದೆ. ಮಳೆ ಬರುವ ಕೆಲವು ನಿಮಿಷ ಮುಂಚೆ ಮೈಗೆ ತಾಕುವ ತಣ್ಣನೆಯ ಗಾಳಿ ಇದರದೇ ಮುಂಚೂಣಿ.

ಈ ಕುಸಿಗಾಳಿ ಕೆಲವೊಮ್ಮೆ ಗಂಟೆಗೆ 100 ಕಿಲೋಮೀಟರ್ ದಾಟಬಲ್ಲದು, ಆದರೆ ಅದರ ಹರವು ಕೆಲವೇ ಕಿಲೋಮೀಟರ್. ಅದಕ್ಕೇ ಒಂದು ಎಸ್ಟೇಟಿನಲ್ಲಿ ಸಿಲ್ವರ್ ಓಕ್‌ಗಳು ಸಾಲಾಗಿ ಮುರಿದು ಬಿದ್ದಿದ್ದರೆ ಪಕ್ಕದವರ ತೋಟದಲ್ಲಿ ಎಲೆಯೂ ಉದುರಿರುವುದಿಲ್ಲ. ಇದಕ್ಕೆ ಮೂರು ದಿನ ಮೊದಲೇ ಎಚ್ಚರಿಕೆ ಸಿಗುವುದಿಲ್ಲ. ‘ಇಂದು ಗುಡುಗು ಸಹಿತ ಗಾಳಿಮಳೆ ಸಾಧ್ಯತೆ’ ಎಂಬ ಜಿಲ್ಲಾಮಟ್ಟದ ಮಾತು ಬೆಳಗ್ಗೆ ಸಿಗಬಹುದು, ನಿಮ್ಮ ಊರಿಗೇ ಬರುತ್ತದೆಯೇ ಎಂಬುದು ತಿಳಿಯುವುದು ಅರ್ಧ ಗಂಟೆಯ ಮುಂಚೆ. ಆ ಅರ್ಧ ಗಂಟೆಯಲ್ಲಿ ಮಾಡಬೇಕಾದದ್ದು ಒಂದೇ: ತೋಟದಲ್ಲಿರುವ ಕೆಲಸದವರನ್ನೆಲ್ಲ ಮರಗಳ ಕೆಳಗಿಂದ ಗಟ್ಟಿ ಕಟ್ಟಡಕ್ಕೆ ಕರೆತರುವುದು. ಉಳಿದ ಹತ್ತು ಗಿಡದ ಕೆಲಸ ನಾಳೆ ಮುಗಿಯುತ್ತದೆ.

ನಮ್ಮೂರಿನಲ್ಲಿ ಮರ ಬಿದ್ದದ್ದು ಸುಂಟರಗಾಳಿಯಿಂದ ಎನ್ನುತ್ತಾರೆ. ನಿಜವೇ?

ಬಿದ್ದ ಮರಗಳೇ ಸಾಕ್ಷಿ ಹೇಳುತ್ತವೆ. ಒಂದೇ ದಿಕ್ಕಿಗೆ ಅಥವಾ ಒಂದು ಜಾಗದಿಂದ ಹೊರಕ್ಕೆ ಹರಡಿದಂತೆ ಬಿದ್ದಿದ್ದರೆ ಕುಸಿಗಾಳಿ. ಕಿರಿದಾದ ಪಟ್ಟಿಯಲ್ಲಿ ಅಡ್ಡಾದಿಡ್ಡಿಯಾಗಿ, ಕಾಂಡ ತಿರುಚಿ ಬಿದ್ದಿದ್ದರೆ ಸುಳಿಯುವ ಗಾಳಿ. ನಮ್ಮಲ್ಲಿ ಹೆಚ್ಚಿನವು ಕುಸಿಗಾಳಿಗೆ ಬಿದ್ದವು.

ಆಷಾಢದ ಗಾಳಿ ಬೇರೆಯೇ?

ಹೌದು, ಅದು ಮೂರನೆಯ ಬಗೆ. ಮುಂಗಾರಿನ ತಿಂಗಳುಗಳಲ್ಲಿ ಆಫ್ರಿಕಾದ ಸೊಮಾಲಿಯಾ ತೀರದಿಂದ ಅರಬ್ಬಿ ಸಮುದ್ರವನ್ನು ದಾಟಿ ಬಲವಾದ ಗಾಳಿಯ ಹೊಳೆಯೊಂದು ನಮ್ಮ ಕಡೆಗೆ ಹರಿಯುತ್ತದೆ. ಅದರ ವೇಗ ಹೆಚ್ಚಿರುವುದು ಸಮುದ್ರಮಟ್ಟದಿಂದ ಒಂದು, ಒಂದೂವರೆ ಕಿಲೋಮೀಟರ್ ಎತ್ತರದಲ್ಲಿ. ನಮ್ಮ ಘಟ್ಟದ ಏಣುಗಳೂ ಅದೇ ಎತ್ತರದಲ್ಲಿವೆ. ಚಾರ್ಮಾಡಿ, ಬಿಸಿಲೆಗಳ ನೆತ್ತಿಯಲ್ಲಿ, ಬಾಬಾಬುಡನ್‌ಗಿರಿಯಲ್ಲಿ, 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ಜುಲೈನಲ್ಲಿ ನೆಟ್ಟಗೆ ನಿಲ್ಲಲಾಗದಿರುವುದು ಅದಕ್ಕೇ.

ಈ ಗಾಳಿ ಒಂದೇ ಏಟಿಗೆ ಕೆಡವುವುದಿಲ್ಲ. ವಾರಗಟ್ಟಲೆ ಅಲುಗಾಡಿಸುತ್ತದೆ. ಅಷ್ಟರಲ್ಲಿ ಮಳೆ ಕುಡಿದ ಮಣ್ಣು ಸಡಿಲವಾಗಿರುತ್ತದೆ, ಬೇರು ಹಿಡಿತ ಬಿಡುತ್ತದೆ. ಏಪ್ರಿಲ್‌ನ ಬಿರುಗಾಳಿಗೆ ಮರಗಳು ನಡುವೆ ಮುರಿಯುವುದು ಹೆಚ್ಚು, ಜುಲೈನಲ್ಲಿ ಬುಡಸಮೇತ ಮಗುಚುವುದು ಹೆಚ್ಚು.

ಗಾಳಿಯ ವೇಗ ಸ್ವಲ್ಪ ಹೆಚ್ಚಾದರೆ ಹಾನಿ ಅಷ್ಟೊಂದು ಹೆಚ್ಚುವುದೇಕೆ?

ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡು ಪಟ್ಟಾದರೆ ಒತ್ತಡ ನಾಲ್ಕು ಪಟ್ಟು. ಗಂಟೆಗೆ 60 ಕಿಲೋಮೀಟರ್ ಗಾಳಿ ಎದುರಿಗಿರುವ ಪ್ರತಿ ಚದರ ಮೀಟರಿನ ಮೇಲೆ ಸುಮಾರು 17 ಕಿಲೋ ತೂಕದಷ್ಟು ಬಲ ಹಾಕಿದರೆ, 100 ಕಿಲೋಮೀಟರ್ ಗಾಳಿ ಸುಮಾರು 48 ಕಿಲೋದಷ್ಟು ಹಾಕುತ್ತದೆ.

ಮಾಡಿನ ವಿಷಯದಲ್ಲಿ ತಳ್ಳುವ ಬಲಕ್ಕಿಂತ ಎತ್ತುವ ಬಲ ಅಪಾಯಕಾರಿ. ಮಾಡಿನ ಮೇಲೆ ಹಾದುಹೋಗುವ ಗಾಳಿ ಅಲ್ಲಿ ಒತ್ತಡ ತಗ್ಗಿಸಿ ಶೀಟನ್ನು ಮೇಲಕ್ಕೆ ಎಳೆಯುತ್ತದೆ, ಅದೂ ಮೂಲೆಗಳಲ್ಲಿ ಮತ್ತು ಸೂರಿನ ಅಂಚಿನಲ್ಲಿ ಹೆಚ್ಚು. ಗಾಳಿಯ ಕಡೆಯ ಬಾಗಿಲು ತೆರೆದಿದ್ದರೆ ಒಳಗಿನಿಂದಲೂ ಗಾಳಿ ಒತ್ತುತ್ತದೆ. ಆದ್ದರಿಂದ ಗಾಳಿ ಎದ್ದಾಗ ಆ ಕಡೆಯ ಬಾಗಿಲು, ಕಿಟಕಿ ಮುಚ್ಚಿ. ಹೊಸ ಶೀಟು ಹಾಕಿಸುವವರು ಅಂಚು ಮತ್ತು ಮೂಲೆಗಳಲ್ಲಿ ಹುಕ್ಕುಗಳನ್ನು ಒತ್ತಾಗಿ ಹಾಕಿಸಲಿ, ಸೂರನ್ನು ತೀರಾ ಉದ್ದ ಚಾಚಿಸದಿರಲಿ. ತೋಟದ ಕಾರ್ಮಿಕರು ವಾಸಿಸುವ ಲೈನ್ ಮನೆಗಳ ಶೀಟಿನ ಮೇಲೆ ಕಲ್ಲು ಹೇರಿ ಸುಮ್ಮನಾಗುವ ರೂಢಿ ನಿಲ್ಲಬೇಕು. ಶೀಟು ಎದ್ದಾಗ ಆ ಕಲ್ಲು ಬೀಳುವುದು ಒಳಗಿರುವವರ ತಲೆಯ ಮೇಲೆ. ತೋಟದ ಮಾಲೀಕರು ತಮ್ಮ ಬಂಗಲೆಯ ಮಾಡಿಗೆ ಕೊಡುವಷ್ಟೇ ಗಮನವನ್ನು ಅಲ್ಲಿಗೂ ಕೊಡಬೇಕೆಂದು ಕೈಮುಗಿದು ಕೇಳುತ್ತೇನೆ.

ತೋಟದ ಮರಗಳನ್ನು ಉಳಿಸಿಕೊಳ್ಳುವುದು ಹೇಗೆ?

ಮರಗಸಿಯನ್ನು, ಅಂದರೆ ನೆರಳುಮರಗಳ ಕೊಂಬೆ ಸವರುವ ಕೆಲಸವನ್ನು, ಮಳೆಗಾಲಕ್ಕೆ ಮೊದಲೇ ಮುಗಿಸಿ. ತೂಕವೆಲ್ಲ ಒಂದೇ ಕಡೆ ವಾಲಿದ ಮರವನ್ನು ಸಮ ಮಾಡಿಸಿ. ಮೇಲ್ಭಾಗವನ್ನು ಪೂರಾ ಬೋಳಿಸಬೇಡಿ, ಕಾಫಿಗೆ ನೆರಳೂ ಬೇಕು. ಸಿಲ್ವರ್ ಓಕ್ ಬೇಗ ಬೆಳೆಯುತ್ತದೆ, ಮೆಣಸಿನ ಬಳ್ಳಿಗೆ ನೆಟ್ಟನೆಯ ಆಸರೆ, ಆದರೆ ಅದರ ಕೊಂಬೆ ಪೆಡಸು. ಹಲಸು, ಅತ್ತಿ, ನಂದಿ, ಬಸರಿಯಂಥ ಮರಗಳು ಬೆರೆತ ತೋಟದಲ್ಲಿ ಗಾಳಿಯ ಬಿರುಸು ಒಂದೇ ಎತ್ತರದ ಸಾಲಿಗೆ ಬಡಿಯುವುದಿಲ್ಲ. ಏಣಿನ ಮೇಲಿರುವ ತೋಟಗಳಲ್ಲಿ ಪಶ್ಚಿಮದ ಅಂಚನ್ನು ದಟ್ಟವಾಗಿ ಬಿಡುವುದು ಹಿರಿಯರಿಂದ ಬಂದ ಬುದ್ಧಿ. ರಸ್ತೆ ಅಗಲ ಮಾಡಲು, ತಂತಿ ಎಳೆಯಲು ಆ ಅಂಚನ್ನು ತೆರೆದಾಗ, ಅಲ್ಲಿಯವರೆಗೆ ಮರೆಯಲ್ಲಿ ಬೆಳೆದ ಒಳಗಿನ ಮರಗಳು ಮೊದಲ ಗಾಳಿಗೇ ಸಿಕ್ಕಿಹಾಕಿಕೊಳ್ಳುತ್ತವೆ.

ಚಂಡಮಾರುತದಲ್ಲಿ ಜನ ಸಾಯುವುದು ಗಾಳಿಯಿಂದಲೋ ನೀರಿನಿಂದಲೋ?

ಹೆಚ್ಚಾಗಿ ನೀರಿನಿಂದ. 1970ರ ನವೆಂಬರಿನಲ್ಲಿ ಇಂದಿನ ಬಾಂಗ್ಲಾದೇಶವನ್ನು ಅಪ್ಪಳಿಸಿದ ಭೋಲಾ ಚಂಡಮಾರುತದಲ್ಲಿ ಕನಿಷ್ಠ ಮೂರು ಲಕ್ಷ ಜನ ಸತ್ತರು, ಮುಖ್ಯ ಕಾರಣ ನೆಲದ ಮೇಲೆ ನುಗ್ಗಿದ ಸಮುದ್ರ. 1999ರ ಅಕ್ಟೋಬರ್ 29ರಂದು ಒಡಿಶಾದಲ್ಲಿ ಸುಮಾರು ಹತ್ತು ಸಾವಿರ ಜನರನ್ನು ಕೊಂದದ್ದೂ ಬಹುಮಟ್ಟಿಗೆ ಅದೇ. 2005ರಲ್ಲಿ ಕತ್ರಿನಾ ಹರಿಕೇನ್ ಬಂದಾಗ ಒಡ್ಡುಗಳು ಒಡೆದು ನ್ಯೂ ಆರ್ಲಿಯನ್ಸ್ ನಗರದ ಶೇಕಡಾ 80ರಷ್ಟು ಭಾಗ ಮುಳುಗಿತು. ಒಡಿಶಾ ಪಾಠ ಕಲಿಯಿತು. 2013ರಲ್ಲಿ ಫೈಲಿನ್ ಬಂದಾಗ ಸುಮಾರು ಹತ್ತು ಲಕ್ಷ ಜನರನ್ನು ಮೊದಲೇ ಸ್ಥಳಾಂತರಿಸಿದ್ದರಿಂದ ಸಾವುಗಳು ಐವತ್ತರೊಳಗೆ ಉಳಿದವು. ಮುನ್ಸೂಚನೆಯನ್ನು ನಂಬಿ ನಡೆದುಕೊಂಡದ್ದರ ಫಲ ಅದು.

ಆದರೆ ಗುಡ್ಡಗಾಡಿನವರಾದ ನಾವು ಹೆಚ್ಚು ಗಮನಿಸಬೇಕಾದದ್ದು 1998ರ ಮಿಚ್ ಹರಿಕೇನನ್ನು. ಸಮುದ್ರದಲ್ಲಿ ಗಂಟೆಗೆ 285 ಕಿಲೋಮೀಟರ್ ವೇಗ ಮುಟ್ಟಿದ್ದ ಅದು ಮಧ್ಯ ಅಮೆರಿಕದ ನೆಲ ಸೇರುವ ಹೊತ್ತಿಗೆ ಬಹಳ ದುರ್ಬಲವಾಗಿತ್ತು. ಹೊಂಡುರಾಸ್, ನಿಕರಾಗುವಾ ಎರಡೂ ಕಾಫಿ ಬೆಳೆಯುವ ಬೆಟ್ಟದ ನಾಡುಗಳು. ನಿಧಾನವಾಗಿ ತೆವಳಿದ ಆ ವ್ಯವಸ್ಥೆ ಅಲ್ಲಿ ದಿನಗಟ್ಟಲೆ ಮಳೆ ಸುರಿಸಿತು, ಬೆಟ್ಟಗಳು ಜಾರಿದವು, ಹನ್ನೊಂದು ಸಾವಿರಕ್ಕೂ ಹೆಚ್ಚು ಜನ ತೀರಿಕೊಂಡರು.

ನಮ್ಮಲ್ಲಿ ಭೂಕುಸಿತಕ್ಕೆ ಚಂಡಮಾರುತವೇ ಬೇಕೇ?

ಬೇಡ, ಮುಂಗಾರೇ ಸಾಕು. 2019ರ ಆಗಸ್ಟಿನಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಭಾಗಗಳಲ್ಲಿ ಗುಡ್ಡ ಜಾರಿ ಮನೆ, ತೋಟಗಳು ಕೊಚ್ಚಿಹೋದವು. 2024ರ ಜುಲೈನಲ್ಲಿ ಸಕಲೇಶಪುರ ತಾಲ್ಲೂಕಿನ ದೊಡ್ಡತಪ್ಪಲು ಬಳಿ ಶಿರಾಡಿ ಘಾಟಿಯ ಹೆದ್ದಾರಿಗೆ ಮಣ್ಣು ಕುಸಿಯಿತು. ಇಳಿಜಾರಿನಲ್ಲಿ ಹೊಸ ಬಿರುಕು, ವಾಲುತ್ತಿರುವ ಮರ, ಇಲ್ಲದ ಕಡೆ ಜಲ ಒಡೆಯುವುದು, ಬಾಗಿಲು ಚೌಕಟ್ಟಿನಲ್ಲಿ ಸಿಕ್ಕಿಕೊಳ್ಳುವುದು, ಹಳ್ಳದ ನೀರು ಇದ್ದಕ್ಕಿದ್ದಂತೆ ಕೆಂಪಾಗುವುದು ಅಥವಾ ನಿಂತುಹೋಗುವುದು: ಇವುಗಳಲ್ಲಿ ಯಾವುದು ಕಂಡರೂ ಸಾಮಾನು ಕಟ್ಟುತ್ತ ಕೂರದೆ ಹೊರಡಿ. ಮನೆ ಕಟ್ಟಲು ಧರೆಯನ್ನು (ಗುಡ್ಡದ ಬದಿಯ ಮಣ್ಣನ್ನು) ನೇರವಾಗಿ ಕಡಿದವರು ಮಳೆಗಾಲದ ರಾತ್ರಿಗಳಲ್ಲಿ ಧರೆಯ ಕಡೆಯ ಕೋಣೆಯಲ್ಲಿ ಮಲಗದಿರುವುದು ಒಳ್ಳೆಯದು.

ಮುನ್ಸೂಚನೆಯನ್ನು ಎಲ್ಲಿ ನೋಡುವುದು?

ಚಂಡಮಾರುತಕ್ಕೆ ಹವಾಮಾನ ಇಲಾಖೆ ನಾಲ್ಕು ಹಂತಗಳಲ್ಲಿ ಎಚ್ಚರಿಸುತ್ತದೆ: 72 ಗಂಟೆ ಮೊದಲು, 48 ಗಂಟೆ ಮೊದಲು, 24 ಗಂಟೆ ಮೊದಲು, ಕೊನೆಗೆ ನೆಲ ಸೇರುವ 12 ಗಂಟೆ ಮೊದಲು. ಈ ನಾಲ್ಕನೆಯದು ನೆಲ ಸೇರಿದ ನಂತರ ಒಳನಾಡಿನಲ್ಲಿ ಏನಾಗಬಹುದೆಂದು ತಿಳಿಸುತ್ತದೆ. ನಮ್ಮ ಜಿಲ್ಲೆಗಳವರು ಓದಬೇಕಾದದ್ದು ಅದನ್ನೇ. ಬಿರುಗಾಳಿ, ಗುಡುಗುಮಳೆಗೆ ಇಲಾಖೆಯ ಮೂರು ಗಂಟೆಯ ಮುನ್ಸೂಚನೆ ಇದೆ, ಸಿಡಿಲಿಗೆ ದಾಮಿನಿ ಆ್ಯಪ್ ಇದೆ. ಊರಿನ ಮಳೆಯ ಲೆಕ್ಕಕ್ಕೆ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವನ್ನು ನೋಡಿ. ಯಾರೋ ಕಳುಹಿಸಿದ ಹಳೆಯ ವಿಡಿಯೋ ನಂಬಿ ಊರಿಗೆಲ್ಲ ಹಂಚಬೇಡಿ.

ಕರೆಂಟು ತಂತಿ ಕಡಿದು ಬಿದ್ದರೆ?

ಹತ್ತಿರ ಹೋಗಬೇಡಿ, ದನಕರುಗಳನ್ನೂ ಬಿಡಬೇಡಿ. ಒದ್ದೆ ನೆಲದಲ್ಲಿ ತಂತಿಯ ಸುತ್ತ ಹಲವು ಅಡಿ ದೂರದವರೆಗೂ ವಿದ್ಯುತ್ ಹರಿದಿರಬಹುದು. ತಂತಿ ಬೇಲಿಯ ಮೇಲೆ ಬಿದ್ದಿದ್ದರೆ ಬೇಲಿಯ ಉದ್ದಕ್ಕೂ ಅಪಾಯ. 1912ಕ್ಕೆ ಕರೆ ಮಾಡಿ. ಚಿಕ್ಕಮಗಳೂರಿಗೆ ಮೆಸ್ಕಾಂ, ಹಾಸನಕ್ಕೆ ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮ ಸ್ಪಂದಿಸುತ್ತದೆ. ಜನರೇಟರ್ ಇರುವವರಿಗೆ ಒಂದು ಮಾತು: ಕಂಬದ ಲೈನಿನಿಂದ ಮನೆಯನ್ನು ಬೇರ್ಪಡಿಸುವ ಚೇಂಜ್‌ಓವರ್ ಸ್ವಿಚ್ ಇಲ್ಲದೆ ಅದನ್ನು ಮನೆಯ ವೈರಿಂಗಿಗೆ ಕೊಟ್ಟರೆ ಕರೆಂಟು ಹಿಮ್ಮುಖವಾಗಿ ಕಂಬದ ತಂತಿಗೆ ಹೋಗುತ್ತದೆ. ಲೈನ್ ಸತ್ತಿದೆಯೆಂದು ನಂಬಿ, ನಮ್ಮ ಮನೆಗಳಿಗೆ ಬೆಳಕು ಕೊಡಲು ಮಳೆಯಲ್ಲಿ ಕಂಬ ಹತ್ತಿದವರ ಜೀವ ಅದರಿಂದ ಹೋಗಬಹುದು.

ಅರಬ್ಬಿ ಸಮುದ್ರದಲ್ಲಿ ಚಂಡಮಾರುತಗಳು ಹೆಚ್ಚುತ್ತಿವೆಯೇ?

ಹಳೆಯ ಲೆಕ್ಕದಲ್ಲಿ ಅರಬ್ಬಿಯಲ್ಲಿ ಒಂದಾದರೆ ಬಂಗಾಳ ಕೊಲ್ಲಿಯಲ್ಲಿ ನಾಲ್ಕು. ಅರಬ್ಬಿ ಸಮುದ್ರ ಬೆಚ್ಚಗಾದಂತೆ ಅಲ್ಲಿಯ ಚಂಡಮಾರುತಗಳ ಸಂಖ್ಯೆ, ತೀವ್ರತೆ, ಬಾಳಿಕೆ ಮೂರೂ ಈಚಿನ ದಶಕಗಳಲ್ಲಿ ಏರಿವೆ. 2019 ಒಂದೇ ವರ್ಷದಲ್ಲಿ ವಾಯು, ಹಿಕಾ, ಕ್ಯಾರ್, ಮಹಾ, ಪವನ್ ಎಂದು ಐದು ಬಂದವು, ಅವುಗಳಲ್ಲಿ ಕ್ಯಾರ್ ಸೂಪರ್ ಸೈಕ್ಲೋನ್ ಮಟ್ಟ ಮುಟ್ಟಿತು. ಗಾಳಿ ಒಂದು ಡಿಗ್ರಿ ಬೆಚ್ಚಗಾದರೆ ಸುಮಾರು ಶೇಕಡಾ 7ರಷ್ಟು ಹೆಚ್ಚು ಆವಿಯನ್ನು ಹಿಡಿದುಕೊಳ್ಳಬಲ್ಲದು. ಆ ನೀರಿಗೆ ಮೊದಲು ಅಡ್ಡ ಸಿಗುವ ಗೋಡೆ ನಮ್ಮ ಘಟ್ಟ.

ಹಾನಿಯಾದ ಮೇಲೆ ಪರಿಹಾರಕ್ಕೆ ಏನು ಮಾಡಬೇಕು?

ಬಿದ್ದ ಮರವನ್ನು ಕಡಿಸುವ, ಮಾಡು ಸರಿಪಡಿಸುವ ಮೊದಲೇ ಫೋಟೋ, ವಿಡಿಯೋ ತೆಗೆಯಿರಿ. ಹತ್ತಿರದಿಂದ ಒಂದು, ಜಾಗ ಗುರುತಾಗುವಂತೆ ದೂರದಿಂದ ಒಂದು. ಗ್ರಾಮ ಆಡಳಿತ ಅಧಿಕಾರಿಗೆ ಬರಹದಲ್ಲಿ ತಿಳಿಸಿ ಸ್ವೀಕೃತಿ ಪಡೆಯಿರಿ. ಪಹಣಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಪ್ರತಿ ಸಿದ್ಧವಿರಲಿ. ವಿಪತ್ತು ಪರಿಹಾರ ನಿಧಿಯ ನಿಯಮದಲ್ಲಿ ಬೆಳೆಹಾನಿ ಶೇಕಡಾ 33 ಅಥವಾ ಅದಕ್ಕಿಂತ ಹೆಚ್ಚಿರಬೇಕು, ಪರಿಹಾರ ಎರಡು ಹೆಕ್ಟೇರ್‌ವರೆಗೆ. ಪಹಣಿಯಲ್ಲಿ ಬೆಳೆಯ ಹೆಸರು ಸರಿಯಾಗಿ ದಾಖಲಾಗಿಲ್ಲದೆ ಅರ್ಜಿ ತಿರಸ್ಕೃತವಾಗುವುದುಂಟು. ಕಾಫಿಯ ನಡುವೆ ಮೆಣಸು, ಅಡಿಕೆ ಇರುವವರು ಬೆಳೆ ಸಮೀಕ್ಷೆಯ ಸಮಯದಲ್ಲೇ ಅವನ್ನೂ ಬರೆಸಿರಿ. ಲೈನ್ ಮನೆಯಲ್ಲಿರುವ ಕಾರ್ಮಿಕರ ಪಾತ್ರೆ, ಬಟ್ಟೆ, ದವಸ ಹಾಳಾಗಿದ್ದರೆ ಅದಕ್ಕೂ ಅರ್ಜಿ ಹಾಕಬಹುದು. ಅವರಿಗೆ ಬರೆಯಲು ಬಾರದಿದ್ದರೆ ತೋಟದ ಲೆಕ್ಕ ಬರೆಯುವ ರೈಟರ್ ಬರೆದುಕೊಡಲಿ.